‘ಬೋರ್ಡ್ ಸೀಟ್’ ಕೋರ್ಸ್: ಪಾಠಕ್ಕೆ ನಾಲ್ಕು ಸ್ಟಾರ್, ಸೀಟಿಗೆ ಒಂದೇ

ಕಂಪನಿ ಬೋರ್ಡ್‌ಗೆ, ಅಂದರೆ ನಿರ್ದೇಶಕರ ಮಂಡಳಿಗೆ, ಹೋಗುವ ಆಸೆ ಇರುವ ಹೆಂಗಸರಿಗಾಗಿಯೇ ಮಾಡಿದ ವೀಕೆಂಡ್ ಆನ್‌ಲೈನ್ ಕೋರ್ಸ್ ಇದು. ಹೆಸರು ಬೇಡ, ಇಂಥವು ಈಗ ಬೇಕಾದಷ್ಟಿವೆ.

ಕಾನೂನು ಪಾಠ ಮಾಡಿದ ಮೇಡಂ ಮಾತ್ರ ಸೂಪರ್. ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಗಳ ಬೋರ್ಡ್‌ನಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳಿದಾಗ, ಎಷ್ಟೋ ಪ್ರಮೋಟರ್‌ಗಳು (ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರು) ಹೆಂಡತಿಯನ್ನೋ ಮಗಳನ್ನೋ ಕೂರಿಸಿ ಕೈತೊಳೆದುಕೊಂಡರು. ಆಮೇಲೆ ಷೇರುಪೇಟೆ ನಿಯಂತ್ರಕ ಸೆಬಿ 2019ರ ಏಪ್ರಿಲ್‌ನಿಂದ ದೊಡ್ಡ 500 ಲಿಸ್ಟೆಡ್ ಕಂಪನಿಗಳಿಗೆ, ಮರುವರ್ಷ 1000 ಕಂಪನಿಗಳಿಗೆ, ಮಹಿಳಾ ಇಂಡಿಪೆಂಡೆಂಟ್ ಡೈರೆಕ್ಟರ್ (ಪ್ರಮೋಟರ್ ನಂಟಿಲ್ಲದ ಸ್ವತಂತ್ರ ನಿರ್ದೇಶಕಿ) ಬೇಕೇ ಬೇಕು ಅಂದಿತು. ಆ ಕುರ್ಚಿಗೆ ಮನೆಯವರನ್ನು ತರುವ ಹಾಗಿಲ್ಲ. ಸೆಕ್ಷನ್ ನಂಬರ್ ಬಾಯಿಪಾಠ ಮಾಡಿಸಲಿಲ್ಲ ಪುಣ್ಯಾತ್ಗಿತ್ತಿ. ಲೆಕ್ಕಪತ್ರ ನೋಡುವ ಆಡಿಟ್ ಕಮಿಟಿಯಲ್ಲಿ ಏನು ಕೇಳಬೇಕು, ನೀವು ಒಪ್ಪದೇ ಇದ್ದದ್ದು ಮಿನಿಟ್ಸ್‌ನಲ್ಲಿ (ಮೀಟಿಂಗ್ ನಡಾವಳಿಯಲ್ಲಿ) ಬಂತಾ ಅಂತ ಯಾಕೆ ನೋಡಬೇಕು, ಸುಮ್ನೆ ಕೂತರೆ ನಾಳೆ ಕೇಸ್ ಹೇಗೆ ತಲೆಗೆ ಸುತ್ತಿಕೊಳ್ಳುತ್ತದೆ, ಎಲ್ಲ ಬಿಡಿಸಿ ಹೇಳಿದರು. ಮೀಟಿಂಗ್‌ಗೆ ಬಂದದ್ದಕ್ಕೆ ಕೊಡುವ ಸಿಟ್ಟಿಂಗ್ ಫೀ ಒಂದು ಮೀಟಿಂಗ್‌ಗೆ 1 ಲಕ್ಷ ದಾಟುವಂತಿಲ್ಲ ಅಂದಾಗ ಕೆಲವರ ಮುಖ ಸಣ್ಣಗಾಯಿತು.

ಇನ್ನು ‘ಸೀಟ್ ಕೊಡಿಸುತ್ತೇವೆ’ ಅನ್ನುವ ಭಾಗ. ಏನೂ ಇಲ್ಲ. ಲಿಂಕ್ಡ್‌ಇನ್ ಫೋಟೋ ಹೇಗಿರಬೇಕು, ಯಾವ ಸೀರೆ ಉಟ್ಟರೆ ಗಂಭೀರವಾಗಿ ಕಾಣುತ್ತೀರಿ ಅಂತ ಇಡೀ ಒಂದು ಸೆಷನ್! ಗಂಡಸರ ಬ್ಯಾಚ್‌ಗೂ ಪಂಚೆ ಪಾಠ ಇದೆಯಾ ಅಂತ ಚಾಟ್‌ನಲ್ಲಿ ಯಾರೋ ಕೇಳಿದರು, ಉತ್ತರ ಬರಲಿಲ್ಲ. ಒಂದು ಕಂಪನಿಯ ಪರಿಚಯವನ್ನೂ ಮಾಡಿಸಲಿಲ್ಲ. ಬೋರ್ಡ್‌ಗೆ ಹೆಸರು ಹೋಗುವುದು ಈಗಲೂ ಜಾಸ್ತಿ ಗುರುತು ಪರಿಚಯದ ಮೇಲೆಯೇ, ಅದು ಅವರಿಗೂ ಗೊತ್ತು.

ಅವರ ಸರ್ಟಿಫಿಕೇಟನ್ನು ಕಾನೂನು ಕೇಳುವುದೇ ಇಲ್ಲ. ಕೇಳುವುದು ಮಾನೇಸರದ ಸರ್ಕಾರಿ ಸಂಸ್ಥೆ ಐಐಸಿಎ ನಡೆಸುವ ಇಂಡಿಪೆಂಡೆಂಟ್ ಡೈರೆಕ್ಟರ್‌ಗಳ ಡೇಟಾಬ್ಯಾಂಕ್‌ನಲ್ಲಿ ನಿಮ್ಮ ಹೆಸರನ್ನು. ಹೆಸರು ಸೇರಿದ 2 ವರ್ಷದೊಳಗೆ ಆನ್‌ಲೈನ್ ಪರೀಕ್ಷೆ ಪಾಸಾಗಬೇಕು, ಶೇ 50 ಅಂಕ ಬಂದರೆ ಸಾಕು. ಎಷ್ಟು ಸಲ ಬೇಕಾದರೂ ಬರೆಯಬಹುದು. 10 ವರ್ಷ ಪ್ರಾಕ್ಟೀಸ್ ಮಾಡಿದ ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ವಕೀಲರಿಗೆ ಪರೀಕ್ಷೆಯೂ ಇಲ್ಲ. ನಮ್ಮ ಬ್ಯಾಚ್‌ನಲ್ಲಿ ಅಂಥವರು ಇದ್ದರು, ‘ಪರೀಕ್ಷೆ ತಯಾರಿ’ ಅಂತ ಅವರಿಂದಲೂ ದುಡ್ಡು ತೆಗೆದುಕೊಂಡಿದ್ದರು. ಇದು ಸರಿನಾ?

ಎಚ್‌ಆರ್, ಮಾರ್ಕೆಟಿಂಗ್, ಆಸ್ಪತ್ರೆ ಆಡಳಿತ, ಇಂಥ ಕಡೆಯಿಂದ ಬರುವವರು ಬ್ಯಾಲೆನ್ಸ್ ಶೀಟ್ ಭಯ ಹೋಗಲಿ ಅಂತ ಸೇರಬಹುದು. ಸೇರುವ ಮೊದಲು ಎರಡು ವಿಷಯ ಕೇಳಿ: ಹಳೇ ಬ್ಯಾಚ್‌ನವರಲ್ಲಿ ಯಾರು ಯಾವ ಕಂಪನಿ ಬೋರ್ಡ್‌ನಲ್ಲಿದ್ದಾರೆ, ರೆಕಾರ್ಡಿಂಗ್ ಎಷ್ಟು ದಿನ ಸಿಗುತ್ತದೆ. ನಮಗೆ ಕೋರ್ಸ್ ಮುಗಿದ ಕೂಡಲೇ ಲಾಗಿನ್ ಬಂದ್ ಮಾಡಿದರು.