ಮಾವಿನ ತೋಟಕ್ಕೆ ನೊಣದ ಬಲೆ: 12 ಡಬ್ಬಿ ತಂದವಳ ಲೆಕ್ಕ

ನೊಣ ಬಿದ್ದ ಮೊದಲ ವಾರದ ಡಬ್ಬಿಯನ್ನು ಪೇಪರ್ ಮೇಲೆ ಕವುಚಿದಾಗ ನಮ್ಮತ್ತೆ ಕೇಳಿದ್ದು ಒಂದೇ ಮಾತು. ‘ಇದರಲ್ಲಿ ಹೆಣ್ಣು ಯಾವುದು?’

ಕಡ್ಡಿಯಲ್ಲಿ ಒಂದೊಂದನ್ನೇ ತಿರುಗಿಸಿ ನೋಡಿದೆ. ಹೆಣ್ಣು ನೊಣಕ್ಕೆ ಹಿಂದೆ ಸೂಜಿಯಂಥ ಮೊನೆ ಇರುತ್ತದೆ. ಕಾಯಿ ಚುಚ್ಚುವುದು ಅದರಲ್ಲೇ. ಪೇಪರ್ ಮೇಲೆ 143 ನೊಣ ಇದ್ದವು. ಎಲ್ಲದರ ಹಿಂಭಾಗವೂ ದುಂಡಗೆ ಇತ್ತು.

‘ಅಂದ್ರೆ ಮೊಟ್ಟೆ ಇಡೋಳು ಇನ್ನೂ ಮರದ ಮೇಲೇ ಕೂತಿದ್ದಾಳೆ. ನೀನು ದುಡ್ಡು ಕೊಟ್ಟು ಬರೀ ಗಂಡಸರನ್ನ ಸಾಯಿಸಿದ್ದೀಯ’ ಅಂದರು.

ಅಂಗಡಿಯವನಿಗಿಂತ ಅತ್ತೆಗೇ ಈ ಬಲೆ ಬೇಗ ಅರ್ಥವಾಯಿತು. ಎರಡು ಸೀಸನ್ ಬಳಸಿದ ಮೇಲೆ ನಾನು ಬರೆಯುತ್ತಿರುವುದೂ ಹೆಚ್ಚುಕಡಿಮೆ ಅದೇ ಮಾತು.

ಶ್ರೀನಿವಾಸಪುರದ ಹತ್ತಿರ ನಮ್ಮದು 2 ಎಕರೆ ಮಾವು. ಒಂದಷ್ಟು ಬಾದಾಮಿ, ಬೇನಿಷಾ. ಉಳಿದದ್ದು ತೋತಾಪುರಿ ಮತ್ತು ನೀಲಂ. ನೀಲಂ ಕೊನೆಗೆ ಬರುವ ಹಣ್ಣು. ಅಷ್ಟು ಹೊತ್ತಿಗೆ ಎರಡು ಮಳೆ ಬಿದ್ದಿರುತ್ತದೆ, ನೊಣ ಏರಿರುತ್ತದೆ. ಹೊರಗಿನಿಂದ ನೋಡಿದರೆ ಹಣ್ಣು ಚೆನ್ನಾಗೇ ಕಾಣುತ್ತದೆ. ಕೊಯ್ದರೆ ಒಳಗೆ ಬಿಳಿ ಹುಳ. ಮಂಡಿಯಲ್ಲಿ ಒಂದು ಹಣ್ಣು ಒಡೆದು ನೋಡಿ ಇಡೀ ಕ್ರೇಟ್ ಪಕ್ಕಕ್ಕೆ ತಳ್ಳುತ್ತಾರೆ. ಆ ಹೊತ್ತಿನಲ್ಲಿ ಮುಖ ಎತ್ತುವುದಕ್ಕೆ ಆಗುವುದಿಲ್ಲ.

ನಮ್ಮ ಕಡೆ ಈ ನೊಣವನ್ನು ಊಜಿ ಅಂತಲೇ ಕರೆಯುತ್ತಾರೆ. ರೇಷ್ಮೆ ಮನೆಯವರಿಗೆ ಊಜಿ ಅಂದರೆ ಬೇರೆಯೇ. ಅದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ, 1980ರಲ್ಲಿ ಬಂಗಾಳದ ಕಡೆಯಿಂದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದದ್ದು. ಮಾವಿನದು ಹಣ್ಣಿನ ನೊಣ, ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಅಂಗಡಿಯಲ್ಲಿ ಸುಮ್ನೆ ‘ಊಜಿ ಬಲೆ ಕೊಡಿ’ ಅಂದರೆ ಏನು ಕೊಡುತ್ತಾರೋ ಗ್ಯಾರಂಟಿ ಇಲ್ಲ.

ನನಗೆ ಆದದ್ದೂ ಅದೇ. ಮೊದಲ ಸಲ ತಂದ ಲ್ಯೂರ್, ಅಂದರೆ ನೊಣವನ್ನು ಸೆಳೆಯುವ ವಾಸನೆಯ ಮದ್ದು, ಕುಂಬಳ, ಹೀರೆ, ಹಾಗಲದ ನೊಣಕ್ಕೆ ಹಾಕುವ ಕ್ಯೂ ಲ್ಯೂರ್. ಎಂಟು ದಿನ ಕಟ್ಟಿದರೂ ಡಬ್ಬಿ ಖಾಲಿ. ನಮ್ಮ ತೋಟದಲ್ಲಿ ನೊಣವೇ ಇಲ್ಲ ಅಂತ ಖುಷಿಪಟ್ಟೆ ಬೇರೆ! ಮಾವಿಗೆ ಬೇಕಾದದ್ದು ಮೀಥೈಲ್ ಯುಜಿನಾಲ್. ಕವರ್ ಮೇಲೆ ಆ ಹೆಸರು ಓದಿಯೇ ತನ್ನಿ. ಅಂಗಡಿಯವರು ಬದಲಾಯಿಸಿ ಕೊಟ್ಟರು, ಆದರೆ ‘ಎಲ್ಲಾ ಒಂದೇ ಕಣಮ್ಮ’ ಅನ್ನುವುದನ್ನು ಮಾತ್ರ ಬಿಡಲಿಲ್ಲ. ಒಳಗಿದ್ದ ಸೂಚನೆ ಚೀಟಿಯಲ್ಲಿ ಇಂಗ್ಲಿಷ್, ಹಿಂದಿ ಎರಡೂ ಇತ್ತು. ಕೋಲಾರದಲ್ಲಿ ಮಾರುವ ಡಬ್ಬಿಗೆ ನಾಲ್ಕು ಸಾಲು ಕನ್ನಡ ಹಾಕಲು ಏನು ಕಷ್ಟವೋ.

ಈಗ ವಸ್ತುವಿನ ಬಗ್ಗೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಹಳದಿ ಮುಚ್ಚಳ, ಪಕ್ಕದಲ್ಲಿ ನೊಣ ಒಳಗೆ ಹೋಗಲು ತೂತು. ಒಳಗೆ ಬೆಂಕಿಪೊಟ್ಟಣದಷ್ಟು ಪ್ಲೈವುಡ್ ತುಂಡು ತೂಗಾಡುತ್ತದೆ. ಅದಕ್ಕೆ ಲ್ಯೂರ್ ಮತ್ತು ವಿಷ ಎರಡನ್ನೂ ಕುಡಿಸಿರುತ್ತಾರೆ. ವಾಸನೆಗೆ ಬಂದ ನೊಣ ಮರದ ತುಂಡನ್ನು ನೆಕ್ಕುತ್ತದೆ, ಕೆಳಗೆ ಬೀಳುತ್ತದೆ. ವಿಷ ಇರುವುದರಿಂದ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡೇ ಕಟ್ಟಬೇಕು, ಮಕ್ಕಳಿಗೆ ಎಟುಕಬಾರದು. ನಾನು ಕೊಟ್ಟದ್ದು ಒಂದಕ್ಕೆ 120 ರೂಪಾಯಿ. ಎಕರೆಗೆ 6ರಂತೆ 12 ಡಬ್ಬಿಗೆ 1,440.

ಲ್ಯೂರ್ ಬಗ್ಗೆ ನನ್ನದು ಒಂದೂ ತಕರಾರಿಲ್ಲ. ಸರಿಯಾದದ್ದು ಕಟ್ಟಿ ಹತ್ತು ನಿಮಿಷ ಆಗಿರಲಿಲ್ಲ, ಮೊದಲ ನೊಣ ಬಂತು. ಬೆಳಗಿನ ಹೊತ್ತು ಜಾಸ್ತಿ. ಗಂಡು ನೊಣಕ್ಕೆ ಈ ವಾಸನೆಯ ಹುಚ್ಚು ಯಾಕೆ ಅಂದರೆ, ಇದನ್ನು ತಿಂದ ಗಂಡು ತನ್ನ ಮೈಯಲ್ಲೇ ಅದರಿಂದ ಒಂದು ಸುಗಂಧ ಮಾಡಿಕೊಳ್ಳುತ್ತದೆ. ಮುಸ್ಸಂಜೆಗೆ ಗಂಡುಗಳು ಎಲೆಗಳ ಮೇಲೆ ಗುಂಪಾಗಿ ಕೂತು ರೆಕ್ಕೆ ಬೀಸುತ್ತವೆ. ಯಾರ ಅತ್ತರು ಚೆನ್ನಾಗಿದೆಯೋ ಅವನ ಹತ್ತಿರ ಹೆಣ್ಣು ಬರುತ್ತದೆ. ಮದುವೆಗೆ ಹೊರಟ ಹುಡುಗರನ್ನು ಸೆಂಟ್ ಅಂಗಡಿಯಲ್ಲೇ ಹಿಡಿದು ಹಾಕಿದ ಹಾಗೆ, ಅಲ್ವಾ?

ಈ ಗುಟ್ಟು ಮೊದಲು ಬಯಲಾದದ್ದು ನಮ್ಮ ದೇಶದಲ್ಲೇ, ಬಿಹಾರದ ಪೂಸಾದಲ್ಲಿ. ಅಲ್ಲಿದ್ದ ಹೌಲೆಟ್ ಎಂಬ ಕೀಟತಜ್ಞರ ಪಕ್ಕದ ಮನೆಯವರು ಸೊಳ್ಳೆ ಓಡಿಸಲು ಸಿಟ್ರೊನೆಲ್ಲಾ ಎಣ್ಣೆ ಬಳಸುತ್ತಿದ್ದರಂತೆ. ಸೊಳ್ಳೆ ಕಥೆ ಏನಾಯಿತೋ, ಈ ನೊಣಗಳು ಮಾತ್ರ ಮುತ್ತಿಕೊಂಡವು. 1912ರಲ್ಲಿ ಹೌಲೆಟ್ ಅದನ್ನು ಬರೆದಿಟ್ಟರು. 1915ರ ಹೊತ್ತಿಗೆ ಮೀಥೈಲ್ ಯುಜಿನಾಲ್ ಹೆಸರು ಹೊರಬಂತು. ತುಳಸಿಯಲ್ಲೂ ಇದು ಇದೆ. ಅತ್ತೆ ಪರೀಕ್ಷೆ ಮಾಡಿಯೇ ಬಿಡೋಣ ಅಂತ ಒಂದು ಹಿಡಿ ತುಳಸಿ ಜಜ್ಜಿ ತೆಂಗಿನ ಚಿಪ್ಪಲ್ಲಿ ಮರದ ಕೆಳಗೆ ಇಟ್ಟರು. ಬಂದವು, ನಿಜ. ಆದರೆ ಎಲೆ ಒಣಗಿದ ಮೇಲೆ ಒಂದೂ ಇಲ್ಲ. ಪ್ಲೈವುಡ್ ತುಂಡು ನಮ್ಮಲ್ಲಿ ಒಂದೂವರೆ ತಿಂಗಳು ಚೆನ್ನಾಗಿ ನಡೆಯಿತು, ಆಮೇಲೆ ಮಂಕಾಯಿತು.

ಡಬ್ಬಿಯದು ಮಾತ್ರ ಬೇರೆ ಕಥೆ. ತೂತಿನ ಮೇಲೆ ಮರೆ ಇಲ್ಲ. ಗಾಳಿಮಳೆಗೆ ನೀರು ನುಗ್ಗಿ ಸತ್ತ ನೊಣ ಕೊಳೆತು ಗಬ್ಬು ನಾತ. ಕೊಕ್ಕೆಯ ತಂತಿ ಮೊದಲ ವರ್ಷವೇ ತುಕ್ಕು ಹಿಡಿದು ಮೂರು ಡಬ್ಬಿ ಬಿದ್ದವು. ನೈಲಾನ್ ದಾರಕ್ಕೆ ಬದಲಾಯಿಸಿದೆ. ಇರುವೆಗಳು ದಾರ ಹಿಡಿದು ಇಳಿದು ಸತ್ತ ನೊಣ ಹೊತ್ತುಕೊಂಡು ಹೋಗುತ್ತವೆ, ನನ್ನ ಲೆಕ್ಕವೆಲ್ಲ ಹಾಳು. ದಾರದ ನಡುವೆ ಸ್ವಲ್ಪ ಗ್ರೀಸ್ ಸವರಿದರೆ ನಿಲ್ಲುತ್ತದೆ. ತಳಕ್ಕೆ ನಾನೇ ಸೂಜಿ ಕಾಯಿಸಿ ಎರಡು ಸಣ್ಣ ತೂತು ಮಾಡಿದೆ, ನೀರು ಇಳಿಯಲಿ ಅಂತ. 120 ರೂಪಾಯಿಗೆ ಇದನ್ನು ಕಂಪನಿಯವರೇ ಮಾಡಿಕೊಡಬಹುದಿತ್ತು.

ಇಷ್ಟೆಲ್ಲ ಆದರೂ ಮೊದಲ ವರ್ಷ ನೀಲಂ 40 ಕ್ರೇಟ್‌ನಲ್ಲಿ 11 ವಾಪಸ್ ಬಂತು. ಬಲೆ ತುಂಬ ನೊಣ, ಹಣ್ಣಿನ ತುಂಬ ಹುಳ. ಬಲೆಯದು ಮೋಸ ಅಂತ ಬಿಸಾಡಲು ಹೊರಟಿದ್ದೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿದೆ. ಉದುರಿದ ಒಂದು ನೀಲಂ ಹಣ್ಣನ್ನು ಮರಳು ಹಾಕಿದ ಬಕೆಟ್‌ನಲ್ಲಿ ಇಟ್ಟು ಹಳೇ ಪಂಚೆ ಕಟ್ಟಿದೆ.

ಮೂರನೇ ದಿನಕ್ಕೆ ಹುಳಗಳು ಹಣ್ಣಿನಿಂದ ಹೊರಬಂದವು. ಮೈ ಬಿಲ್ಲಿನ ಹಾಗೆ ಬಗ್ಗಿಸಿ ಪಟಕ್ಕನೆ ಹಾರುತ್ತವೆ! ನನ್ನ ಮಗಳು ಕಿರುಚಿದ್ದು ಬೀದಿಗೆ ಕೇಳಿಸಿತು. ಹಾರಿ ಹಾರಿ ಮರಳೊಳಗೆ ಇಳಿದವು. ಮರುದಿನ ಕೆದಕಿ ನೋಡಿದರೆ ಕುಸುಬಲಕ್ಕಿ ಕಾಳಿನಂಥ ಕಂದು ಕೋಶಗಳು, ಎರಡು ಬೆರಳಿನ ಆಳದಲ್ಲೇ. ಎಣಿಸಿದೆ, 38. ಅದಾಗಿ ಹತ್ತನೇ ದಿನದಿಂದ ಪಂಚೆಯ ಒಳಗೆ ನೊಣಗಳ ಗುಂಯ್ ಶುರು. ಒಂದು ಹಣ್ಣು, 38 ನೊಣ. ತೋಟದಲ್ಲಿ ಅವತ್ತು ಕೊಳೆಯುತ್ತಾ ಬಿದ್ದಿದ್ದ ಹಣ್ಣು ಎಷ್ಟೋ!

ಲೆಕ್ಕ ಹೀಗಿದೆ. ಸಿಪ್ಪೆಯ ಕೆಳಗಿಟ್ಟ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಹುಳ ಒಂದು ವಾರಕ್ಕಿಂತ ಹೆಚ್ಚು ತಿರುಳು ತಿನ್ನುತ್ತದೆ. ಮಣ್ಣಲ್ಲಿ ಹತ್ತು ದಿನ. ಹೊರಬಂದ ಹೆಣ್ಣು ತಕ್ಷಣ ಮೊಟ್ಟೆ ಇಡುವುದಿಲ್ಲ. ವಾರಕ್ಕೂ ಜಾಸ್ತಿ ಎಲೆಯ ಅಂಟು, ಹಕ್ಕಿಯ ಹಿಕ್ಕೆ ಅಂತ ತಿಂದುಕೊಂಡು ಬಲಿಯಬೇಕು. ಆಮೇಲೆ ಒಂದು ಹೆಣ್ಣು ಬದುಕಿರುವಷ್ಟು ದಿನದಲ್ಲಿ ಸಾವಿರ ಮೊಟ್ಟೆ ಇಡಬಲ್ಲದು. ಅದಕ್ಕೆ ಗಂಡು ಬೇಕು, ನಿಜ. ಆದರೆ ಉಳಿದ ಒಂದು ಗಂಡೇ ಹಲವು ಹೆಣ್ಣಿಗೆ ಸಾಕು. ಗಂಡುಗಳನ್ನು ಮುಕ್ಕಾಲು ಪಾಲು ಹಿಡಿದರೂ ಸಾಲದು, ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿಯಬೇಕು. 1960ರ ದಶಕದಲ್ಲಿ ಪೆಸಿಫಿಕ್‌ನ ರೋಟಾ ದ್ವೀಪದಲ್ಲಿ ಇದೇ ಲ್ಯೂರ್, ಇದೇ ಉಪಾಯದಿಂದ ಈ ನೊಣವನ್ನು ಪೂರ್ತಿ ಇಲ್ಲವಾಗಿಸಿದರು. ಅದು ಸುತ್ತ ಸಮುದ್ರ ಇರುವ ಜಾಗ. ನನ್ನ 2 ಎಕರೆಯ ಸುತ್ತ ಇರುವುದು ಮಾವೇ.

ನಾನು ಬಲೆ ಕಟ್ಟಿದ್ದೂ ತಡವಾಗಿ, ಮೇ ಕೊನೆಗೆ. ಅಷ್ಟರಲ್ಲಿ ಹೆಣ್ಣುಗಳಿಗೆ ಜೋಡಿ ಆಗಿಹೋಗಿತ್ತು. ಎರಡನೇ ವರ್ಷ ಮಾರ್ಚ್ ಕೊನೆಗೇ ಕಟ್ಟಿದೆ, ಎದೆಯೆತ್ತರಕ್ಕೆ, ನೆರಳಲ್ಲಿ. ಲ್ಯೂರ್ ಎರಡು ಸಲ ಬದಲಾಯಿಸಿದೆ. ಜೊತೆಗೆ ದಿನ ಬಿಟ್ಟು ದಿನ ಉದುರಿದ ಹಣ್ಣು ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಬಿಸಿಲಿಗೆ ಹಾಕಿದೆವು. ತಿಪ್ಪೆಗೆ ಎಸೆದರೆ ನೊಣಕ್ಕೆ ನಾವೇ ಬಾಣಂತನ ಮಾಡಿದ ಹಾಗೆ. ಮರದ ಬುಡ ಮೇಲೆಮೇಲೆ ಕೆದಕಿ ಅತ್ತೆಯ ಕೋಳಿಗಳನ್ನು ಬಿಟ್ಟೆವು. ಕೋಳಿ ಎಷ್ಟು ಕೋಶ ತಿಂದಿತೋ ಲೆಕ್ಕ ಇಟ್ಟಿಲ್ಲ. ಆ ತಿಂಗಳು ಮೊಟ್ಟೆ ಜಾಸ್ತಿ ಅಂತ ಅತ್ತೆ ಹೇಳುತ್ತಾರೆ.

ಆ ವರ್ಷ ವಾಪಸ್ ಬಂದದ್ದು 4 ಕ್ರೇಟ್. ಜೂನ್ ಮಳೆಯೂ ಕಡಿಮೆ ಇತ್ತು, ಪೂರ್ತಿ ಶ್ರೇಯ ಡಬ್ಬಿಗೆ ಕೊಡಲಾರೆ.

ಹಾಗಾದರೆ ಡಬ್ಬಿ ಬೇಕಾ? ಬೇಕು. ನನಗೆ ಅದು ಹೆಚ್ಚು ಕೆಲಸಕ್ಕೆ ಬಂದದ್ದು ನೊಣದ ಮೀಟರ್ ಆಗಿ. ವಾರಕ್ಕೆ ಡಬ್ಬಿಗೆ ಐದಾರು ನೊಣ ಬೀಳುತ್ತಿದ್ದದ್ದು ಒಮ್ಮೆಗೇ ಐವತ್ತಾದರೆ, ಬಲಿತ ಕಾಯಿಯನ್ನು ಮರದಲ್ಲಿ ಬಿಡದೆ ಕೀಳಿಸುತ್ತೇನೆ. ಹುಳ ಬಿದ್ದ ಹಣ್ಣಿಗೆ ಆಮೇಲೆ ಏನೂ ಮಾಡಿ ಪ್ರಯೋಜನವಿಲ್ಲ. ರಫ್ತಿಗೆ ಹೋಗುವ ಹಣ್ಣನ್ನು 48 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಅದ್ದುತ್ತಾರೆ, ಒಳಗಿನ ಮೊಟ್ಟೆ, ಹುಳ ಸಾಯಲಿ ಅಂತ. 2014ರ ಮೇ ತಿಂಗಳಲ್ಲಿ ಯುರೋಪಿನವರು ಹಣ್ಣಿನ ನೊಣ ಸಿಕ್ಕಿತೆಂದು ನಮ್ಮ ದೇಶದ ಮಾವನ್ನೇ ನಿಲ್ಲಿಸಿ, ಮತ್ತೆ ಬಿಟ್ಟದ್ದು 2015ರ ಜನವರಿಯಲ್ಲಿ. ನಮ್ಮಂಥ ಮಂಡಿ ಗಿರಾಕಿಗಳಿಗೆ ಬಿಸಿನೀರಿನ ತೊಟ್ಟಿ ಎಲ್ಲಿಂದ ಬರಬೇಕು.

ಲ್ಯೂರ್‌ಗೆ ಐದಕ್ಕೆ ನಾಲ್ಕೂವರೆ, ಡಬ್ಬಿಗೆ ಎರಡು. ಕೈತೋಟದಲ್ಲಿ ಒಂದು ಮಾವು, ಒಂದು ಸೀಬೆ ಇರುವವರು ಇದನ್ನು ತರಬೇಡಿ. ಕಾಯಿಗೆ ಪೇಪರ್ ಚೀಲ ಕಟ್ಟಿ, ಅದೇ ವಾಸಿ.

ಪಕ್ಕದ ತೋಟದವರು ಎರಡು ವರ್ಷ ನಮ್ಮ ಡಬ್ಬಿ ನೋಡಿ ನಕ್ಕರು. ಈ ಸಲ 6 ಬಲೆ ತರಲು ದುಡ್ಡು ಕೊಟ್ಟಿದ್ದಾರೆ. ನೈಲಾನ್ ದಾರವನ್ನು ನಾನೇ ಕೊಡುತ್ತೇನೆ ಅಂದಿದ್ದೇನೆ. ಕೋಳಿ ಮಾತ್ರ ಕೊಡುವುದಿಲ್ಲ ಅಂತ ಅತ್ತೆ ಹೇಳಿ ಕಳಿಸಿದ್ದಾರೆ.