50 ಕಿಲೋ ಎರೆಗೊಬ್ಬರದ ಚೀಲ: ಅಡಿಕೆ ತೋಟಕ್ಕೆ ಎಷ್ಟು ಲಾಯಕ್ಕು?

ಮಳೆ ಹಿಂದೆ ಸರಿಯುತ್ತಿದ್ದಂತೆ ಸಾಗರ, ತೀರ್ಥಹಳ್ಳಿ, ಹೊಸನಗರದ ಗೊಬ್ಬರದ ಅಂಗಡಿಗಳ ಮುಂದೆ ಎರೆಗೊಬ್ಬರದ ಚೀಲಗಳ ರಾಶಿ ಏಳುತ್ತದೆ. ಸಸಿ ಮಡಿಗೆ, ತರಕಾರಿ ಪಾತಿಗೆ, ಕಾಳುಮೆಣಸಿನ ಬಳ್ಳಿ ಬೇರು ಬಿಡಿಸುವ ತೊಟ್ಟೆಗೆ ಇದು ಒಳ್ಳೆಯ ಮಾಲು. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಫಸಲು ಬಿಡುವ ತೋಟವನ್ನು ಇದೊಂದರಿಂದಲೇ ಸಾಕುತ್ತೇವೆಂದು ಹೊರಟರೆ ಎರಡೇ ಅಂಕ.

ಲೆಕ್ಕ ನೋಡಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಎರೆಗೊಬ್ಬರದಲ್ಲಿ ಕನಿಷ್ಠ ಶೇ 1 ಸಾರಜನಕ, ತಲಾ ಶೇ 0.8 ರಂಜಕ ಮತ್ತು ಪೊಟ್ಯಾಷ್ ಇದ್ದರೆ ಸಾಕು. ಅಂದರೆ ಸಾರಜನಕ ಸರಿದೂಗಿಸಲು ಮರಕ್ಕೆ 10 ಕಿಲೋ ಬೇಕು. ಎಕರೆಗೆ 550 ಮರ ಎಂದರೆ 110 ಚೀಲ! ಅಷ್ಟು ಸುರಿದರೂ ಆ ಸಾರಜನಕ ಪೂರ್ತಿ ಒಂದೇ ವರ್ಷದಲ್ಲಿ ಬೇರಿಗೆ ದಕ್ಕುವುದಿಲ್ಲ. ರಂಜಕ ಬೇಕಾದ್ದಕ್ಕಿಂತ ಎರಡು ಪಟ್ಟಾಗುತ್ತದೆ, ಪೊಟ್ಯಾಷ್ ಮಾತ್ರ 60 ಗ್ರಾಂ ಕಡಿಮೆ ಬೀಳುತ್ತದೆ. ಆ ಕೊರತೆಗೆ ಮರಕ್ಕೆ 100 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸಾಕು.

ಕೊಳ್ಳುವಾಗ ಚೀಲ ಬಿಚ್ಚಿಸಿಯೇ ನೋಡಬೇಕು. ತೇವಾಂಶ ಶೇ 15ರಿಂದ 25ರೊಳಗಿರಬೇಕೆಂಬುದು ನಿಯಮ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಶೇ 40 ತೇವ ಇದ್ದರೆ 50 ಕಿಲೋದಲ್ಲಿ 20 ಕಿಲೋ ನೀರಿಗೇ ದುಡ್ಡು ಕೊಟ್ಟಂತಾಯಿತು. ಕೈ ಒಳಗಿಟ್ಟಾಗ ಬಿಸಿ ತಾಗಿದರೆ, ಮೂಗಿಗೆ ಘಾಟು ಹೊಡೆದರೆ ಗೊಬ್ಬರ ಇನ್ನೂ ಕಳಿತಿಲ್ಲ. ಅದು ಮಣ್ಣಿನಲ್ಲಿ ಕೊಳೆಯುತ್ತಾ ಬೇರಿಗೆ ಸೇರಬೇಕಾದ ಸಾರಜನಕವನ್ನೇ ತಿನ್ನುತ್ತದೆ. ಕಲಬೆರಕೆ ಪತ್ತೆಗೆ ಗಾಜಿನ ಲೋಟದ ನೀರಿಗೆ ಎರಡು ಚಮಚ ಹಾಕಿ ಕಲಕಿ, ಐದು ನಿಮಿಷ ಬಿಡಿ. ತಳದಲ್ಲಿ ಮರಳಿನ ಪದರ ಕೂತರೆ, ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದರೆ ಆ ಚೀಲ ಬೇಡ. ಮೇಲೆ ಕಾಣುವ ಬಿಳಿ ಬೂಷ್ಟಿಗೆ ಹೆದರಬೇಕಿಲ್ಲ. ತಗಡಿನ ಮಾಡಿನಡಿ ತಿಂಗಳುಗಟ್ಟಲೆ ಒಣಗಿ ಪುಡಿಯಾದ ಮಾಲಿನಲ್ಲಿ ಮಾತ್ರ, ಚೀಲದ ಮೇಲೆ ಬರೆದ 'ಜೀವಾಣು'ಗಳು ಹೆಚ್ಚೇನೂ ಉಳಿದಿರುವುದಿಲ್ಲ.

ಚೀಲದ ಮೇಲೆ ಬರೆಯದ ಸಂಗತಿ ಇನ್ನೊಂದಿದೆ: ಮಲೆನಾಡಿನ ಮಣ್ಣಿನ ಮೊದಲ ರೋಗ ಹುಳಿ. ಜಂಬಿಟ್ಟಿಗೆ ನೆಲದ ಮೇಲೆ ಅಷ್ಟು ಮಳೆ ಹೊಯ್ದು ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ತೊಳೆದು ಹೋಗುತ್ತವೆ. ಉಳಿದ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಕಟ್ಟಿಹಾಕುತ್ತವೆ. ಎರೆಗೊಬ್ಬರ ಅಲ್ಯೂಮಿನಿಯಂನ ಕಾಟವನ್ನು ಸ್ವಲ್ಪ ತಗ್ಗಿಸೀತು, ಸುಣ್ಣದ ಕೆಲಸ ಮಾಡಲಾರದು. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) 5.5ಕ್ಕಿಂತ ಕೆಳಗೆ ಬಂದರೆ ಮೊದಲ ದುಡ್ಡು ಕೃಷಿ ಸುಣ್ಣಕ್ಕೆ ಹೋಗಲಿ. ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋ. ಸುಣ್ಣ, ಗೊಬ್ಬರ ಎರಡನ್ನೂ ಒಂದೇ ದಿನ ಬೆರೆಸಿ ಹಾಕುವ ಆಳುಗಳ ಅವಸರಕ್ಕೆ ಒಪ್ಪಬೇಡಿ: ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಡುವೆ ಎರಡು-ಮೂರು ವಾರ ಬಿಡಿ.

ಹಾಕುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ. ಬುಡದ ಸುತ್ತ ಎರಡೂವರೆ ಅಡಿ ದೂರದವರೆಗೆ ಮೇಲ್ಮಣ್ಣು ಹಗುರವಾಗಿ ಬಿಡಿಸಿ, ಗೊಬ್ಬರ ಹರಡಿ, ಸೊಪ್ಪು ಅಥವಾ ದರಕು (ಒಣ ಎಲೆ) ಮುಚ್ಚಬೇಕು. ಆಳಕ್ಕೆ ಅಗೆದರೆ ಬೇರು ಕಡಿಯುತ್ತದೆ. ಜೂನಿನಲ್ಲಿ ಹಾಕಿದ್ದರಲ್ಲಿ ಬಹುಪಾಲು ಬಸಿಗಾಲುವೆ ಪಾಲು.

ಚೀಲದ ಬೆಲೆಗೆ ಬೆಚ್ಚಿದವರ ತೋಟದಲ್ಲೇ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಬಿದ್ದಿರುತ್ತವೆ. ಗೇಣುದ್ದಕ್ಕಿಂತ ಚಿಕ್ಕದಾಗಿ ಕಡಿದು, ಪದರ ಪದರಕ್ಕೆ ಸಗಣಿ ಬಗ್ಗಡ ಸುರಿದು, ನೆರಳಲ್ಲಿ ಎರಡು-ಮೂರು ವಾರ ಬಿಸಿ ಇಳಿಯಲು ಬಿಡಬೇಕು. ಹಸಿ ರಾಶಿಗೇ ಎರೆಹುಳು ಬಿಟ್ಟರೆ ಬಿಸಿಗೆ ಸಾಯುತ್ತವೆ. ಆಮೇಲೆ ಹುಳು ಬಿಟ್ಟು ತೇವ ಕಾಯ್ದರೆ ಎರಡು-ಮೂರು ತಿಂಗಳಲ್ಲಿ ಗೊಬ್ಬರ. ತೊಟ್ಟಿಯ ಸುತ್ತ ನೀರಿನ ಕಾಲುವೆ ಇಲ್ಲದಿದ್ದರೆ ಇರುವೆಗಳು ಹುಳು ಉಳಿಸುವುದಿಲ್ಲ.