ಸಿಮೆಂಟ್ ಬೆಂಚು: ಕೂಡಲಿಕ್ಕೆ ಅಡ್ಡಿಯಿಲ್ಲ, ಮಾತಿಗೆ ಅಡ್ಡಿ

ಬಾಗಲಕೋಟೆ ನವನಗರದಲ್ಲಿ ಉದ್ಯಾನ, ಗುಡಿಯ ಅಂಗಳ, ಬಸ್ಸು ನಿಲ್ಲುವ ಜಾಗ ಎಲ್ಲಿ ನೋಡಿದರೂ ಅದೇ ಬೆಂಚು. ಎರಡು ಸಿಮೆಂಟ್ ಕಾಲು, ಮೇಲೊಂದು ಹಲಗೆ, ಬೆನ್ನಿಗೊಂದು ಆನಿಕೆ, ಆನಿಕೆಯ ಮೇಲೆ ಕೆಂಪು ಬಣ್ಣದಲ್ಲಿ ‘ಇವರ ಸ್ಮರಣಾರ್ಥ’. ಕಾಂಪೌಂಡ್ ಕಂಬ, ಬಾವಿ ರಿಂಗು, ಜಾಳಿಗೆ ಎರಕ ಹೊಯ್ಯುವವರೇ ಇದನ್ನೂ ಮಾಡಿ ಮಾರುತ್ತಾರೆ. ಕಂಪನಿ ಹೆಸರಿಲ್ಲ, ಗ್ಯಾರಂಟಿ ಚೀಟಿಯಿಲ್ಲ. ಕೊಳ್ಳುವವರು ಹಿರಿಯ ನಾಗರಿಕರ ಸಂಘದವರು, ಓಣಿಯ ಮಂಡಳಿಯವರು, ತೀರಿಕೊಂಡ ತಂದೆ-ತಾಯಿಯ ಹೆಸರಲ್ಲಿ ಏನಾದರೂ ಮಾಡಬೇಕೆನ್ನುವ ಮಕ್ಕಳು. ನಾಲ್ಕು ಮಂದಿ ಕೂತು ಮಾತಾಡಲಿ ಅನ್ನುವುದೇ ಎಲ್ಲರ ಆಸೆ. ಹಾಗಾಗಿ ಈ ಬೆಂಚನ್ನು ತೂಗಬೇಕಾದ್ದೂ ಅದೇ ತಕ್ಕಡಿಯಲ್ಲಿ.

ಈ ಊರಿಗೆ ಇದು ಸಣ್ಣ ವಿಷಯವಲ್ಲ. ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್ ಮಟ್ಟಕ್ಕೆ ನೀರು ನಿಲ್ಲಿಸಲು ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾದವು. ಮನೆಗೆ ಪರಿಹಾರ ಬಂತು, ನಿವೇಶನ ಬಂತು. ಮನೆ ಮುಂದಿನ ಕಟ್ಟೆಗೆ ಬದಲಿ ಬರಲಿಲ್ಲ. ಆ ಮಂದಿ ಬಂದು ನೆಲೆಸಿದ ನವನಗರದ ಸೆಕ್ಟರುಗಳಲ್ಲಿ ಕಾಂಪೌಂಡ್ ಗೋಡೆ ಎದ್ದು ಗೇಟು ಬಿತ್ತು. ಕಟ್ಟೆಯ ಮೇಲೆ ಕಾಲು ಮಡಚಿ ಯಾವ ದಿಕ್ಕಿಗಾದರೂ ತಿರುಗಿ ಕೂಡಬಹುದಿತ್ತು. ಆನಿಕೆ ಇರುವ ಬೆಂಚು ಎಲ್ಲರನ್ನೂ ಒಂದೇ ಕಡೆ ಮುಖ ಮಾಡಿಸಿ ಕೂಡಿಸುತ್ತದೆ. ಒಂದೂವರೆ ಮೀಟರಿನ ಹಲಗೆಯ ಮೇಲೆ ಮೂವರು ಕೂತರೆ ಈ ತುದಿಯವರಿಗೆ ಆ ತುದಿಯವರ ಮುಖ ಕಾಣುವುದಿಲ್ಲ, ನಡುವಿನವರಿಗೆ ಕುತ್ತಿಗೆ ನೋವು. ಕಿವಿ ಮಂದವಾದ ಹಿರಿಯರು ಅರ್ಧ ಮಾತನ್ನು ತುಟಿ ನೋಡಿಯೇ ಹಿಡಿಯುತ್ತಾರೆ. ಮುಖ ಕಾಣದಿದ್ದರೆ ‘ಹೂಂ, ಹೂಂ’ ಅಂದು ಸುಮ್ಮನಾಗುತ್ತಾರೆ. ಆಮೇಲೆ ಮೂವರ ಕೈಗೂ ಮೊಬೈಲು ಬರುತ್ತದೆ.

1958ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಾಬರ್ಟ್ ಸಾಮರ್ ಮತ್ತು ಹ್ಯೂಗೊ ರಾಸ್ ಎಂಬ ಸಂಶೋಧಕರು ಕೆನಡಾದ ಒಂದು ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ಇದನ್ನೇ ಗಮನಿಸಿದ್ದರು. ಗೋಡೆಗುಂಟ ಸಾಲಾಗಿಟ್ಟಿದ್ದ ಕುರ್ಚಿಗಳನ್ನು ಸಣ್ಣ ಮೇಜುಗಳ ಸುತ್ತ ಇಟ್ಟರು. ಅದೇ ಮಂದಿ, ಅದೇ ಕುರ್ಚಿ. ಕೆಲವು ವಾರಗಳಲ್ಲಿ ಮಾತುಕತೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿತು. ನಮ್ಮ ಉದ್ಯಾನ ಮಾಡುವವರು ಇವತ್ತಿಗೂ ಬೆಂಚುಗಳನ್ನು ಕಾಂಪೌಂಡಿನ ಗುಂಟವೇ ಸಾಲಾಗಿಡುತ್ತಾರೆ, ಗುಡಿಸಲು ಸಲೀಸು ಅಂತ.

ಹಾಗಾದರೆ ಹೇಗಿಡಬೇಕು? ಎರಡು ಬೆಂಚು ಜೋಡಿಯಾಗಿ ಕೊಳ್ಳಿ. ಮೂಲೆಮಟ್ಟ ಇಟ್ಟ ಹಾಗೆ ಒಂದಕ್ಕೊಂದು ಅಡ್ಡ ಹಾಕಿ, ಮೂಲೆಯಲ್ಲಿ ಒಂದು ಮೊಳ ಬಿಡಿ. ಮೊಣಕಾಲಿಗೆ ಮೊಣಕಾಲು ತಾಗುವುದಿಲ್ಲ. ಎದುರುಬದುರು ಹಾಕುವುದಾದರೆ ನಡುವೆ ನಾಲ್ಕರಿಂದ ಐದು ಅಡಿ. ಅದಕ್ಕಿಂತ ಹೆಚ್ಚಾದರೆ ದನಿ ಎತ್ತಬೇಕಾಗುತ್ತದೆ, ಮನೆಯ ಕಷ್ಟವನ್ನು ಯಾರೂ ದನಿ ಎತ್ತಿ ಹೇಳಿಕೊಳ್ಳುವುದಿಲ್ಲ. ಅಡ್ಡ ಹಾಕುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ: ಮಾತು ಬೇಕಾದರೆ ತಿರುಗಬಹುದು, ಬೇಡವಾದರೆ ಮರ ನೋಡುತ್ತ ಕೂಡಬಹುದು. ಒಂದು ಪಕ್ಕ ಮೂರಡಿ ಖಾಲಿ ಬಿಟ್ಟರೆ ಗಾಲಿಕುರ್ಚಿಯವರೂ ಸೇರುತ್ತಾರೆ.

ಇಲ್ಲಿ ತಕರಾರು ತೆಗೆಯುವವರು ದಾನಿಗಳು. ಹೆಸರು ರಸ್ತೆಗೆ ಕಾಣಬೇಕು, ಆದ್ದರಿಂದ ಬೆಂಚು ರಸ್ತೆಗೆ ಮುಖ ಮಾಡಬೇಕು ಎನ್ನುತ್ತಾರೆ. ಯಾರಾದರೂ ಕೂತರೆ ಹೆಸರು ಬೆನ್ನ ಹಿಂದೆ ಮುಚ್ಚಿಹೋಗುತ್ತದಲ್ಲ! ಹೆಸರನ್ನು ಆನಿಕೆಯ ಹಿಂಬದಿಗೆ ಬರೆಸಿ, ಬೆಂಚಿನ ಬೆನ್ನನ್ನು ರಸ್ತೆಗೆ ಮಾಡಿ. ದಾನಿಗೂ ಸಮಾಧಾನ, ಒಳಗೆ ಕೂತವರಿಗೂ ಒಂದಿಷ್ಟು ಮರೆ.

ಈ ಮರೆ ಹೆಣ್ಣುಮಕ್ಕಳಿಗೆ ಹೆಚ್ಚು ಬೇಕು. ಹೋಗಿಬರುವವರೆಲ್ಲ ನೋಡುವಂತೆ ರಸ್ತೆಗೆ ಮುಖ ಮಾಡಿದ ಬೆಂಚಿನ ಮೇಲೆ ಅತ್ತೆ-ಸೊಸೆಯರು ಕೂಡುವುದಿಲ್ಲ. ಎಲ್ಲ ಬೆಂಚೂ ಗಂಡಸರ ಪಾಲು. ಹಿಟ್ಟಿನ ಗಿರಣಿಯ ಪಕ್ಕ, ಅಂಗನವಾಡಿಯ ಅಂಗಳದಲ್ಲಿ ಒಂದು ಜೋಡಿ ಹಾಕಿ ನೋಡಿ. ಜೋಳ ಬೀಸುವ ತನಕ ಹೇಗೂ ಕಾಯಲೇಬೇಕು, ಕೂಡಲಿಕ್ಕೆ ಬೇರೆ ನೆಪ ಬೇಡ.

ಇನ್ನು ಮಾಲಿನ ವಿಷಯ. ಕೂಡುವ ಎತ್ತರ 45 ಸೆಂಟಿಮೀಟರ್ ಇರಬೇಕು, ಮೊಣಕಾಲು ನೋವಿನವರಿಗೆ ಇನ್ನೆರಡು ಹೆಚ್ಚಿದ್ದರೂ ಒಳ್ಳೆಯದು. ಮಾರುವವರ ಅಂಗಳದಲ್ಲಿ ಅಳೆದಾಗ 45 ಇದ್ದದ್ದು ಕಾಲು ಹೂತ ಮೇಲೆ 35 ಆಗುತ್ತದೆ. ಹೂಳುವ ಭಾಗ ಬಿಟ್ಟು ಅಳೆಯಿರಿ. ಕೈಯಾನಿಕೆ ಎರಡೂ ತುದಿಗಿರಲಿ, ಕೂಡುವ ಹಲಗೆಯಿಂದ ಒಂದು ಗೇಣು ಮೇಲೆ. ಅದನ್ನು ಒತ್ತಿಯೇ ಹಿರಿಯರು ಏಳುವುದು. ಏಳಲು ಮತ್ತೊಬ್ಬರ ಕೈ ಬೇಕಾದರೆ ಮರುದಿನ ಬರಲಿಕ್ಕೆ ಹಿಂಜರಿಯುತ್ತಾರೆ. ಯಾರೂ ಮಲಗಬಾರದೆಂದು ನಡುವೆ ಹಾಕುವ ಕೈಯಾನಿಕೆ ಮಾತ್ರ ಬೇಡ.

ಎರಕ ಹೊಯ್ದ ಮೂರೇ ದಿನಕ್ಕೆ ಬೆಂಚು ಸಾಗಿಸುವುದುಂಟು. ಏಳು ದಿನವಾದರೂ ನೀರುಣಿಸಿರಬೇಕು, ಹದಿನಾಲ್ಕಾದರೆ ಚಲೋ. ಕೀಲಿಕೈಯಿಂದ ಬಡಿದು ನೋಡಿ: ಠಣ್ ಅಂದರೆ ಸರಿ, ದಬ್ ಅಂದರೆ ಒಳಗೆ ಟೊಳ್ಳು. ಹಲಗೆಯ ಅಡಿಯಲ್ಲಿ ಕಬ್ಬಿಣದ ಸಲಾಕೆಯ ಗೆರೆ ಕಂಡರೆ ಬಿಡಿ. ತುಕ್ಕು ಹಿಡಿದು ಉಬ್ಬಿ ಸಿಮೆಂಟು ಉದುರುತ್ತದೆ. ಸಲಾಕೆ ಇರುವುದು ಹಲಗೆಯ ಕೆಳಭಾಗದಲ್ಲಿ, ಅದಕ್ಕೇ ಸಾಗಿಸುವಾಗ ಹಲಗೆಯನ್ನು ಬೋರಲು ಹಾಕಬಾರದು, ನಟ್ಟನಡುವೆ ಹಗ್ಗ ಕಟ್ಟಿ ಎತ್ತಲೂಬಾರದು. ಇಡೀ ಬೆಂಚಿನ ತೂಕ ಸುಮಾರು 200 ಕಿಲೋ, ಇಳಿಸಲು ಆರು ಮಂದಿ ಬೇಕು. ಬೆಲೆಯಲ್ಲಿ ಸಾಗಾಣಿಕೆ, ಇಳಿಸುವ ಕೂಲಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಎರೆ ಮಣ್ಣಿದ್ದಲ್ಲಿ ನೇರ ಹೂತರೆ ಒಂದೇ ಮಳೆಗಾಲಕ್ಕೆ ಬೆಂಚು ವಾಲುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದಲ್ಲ. ಒಂದೂವರೆ ಅಡಿ ಮಣ್ಣು ತೆಗೆದು ಗರಸು ತುಂಬಿ, ಪದರಪದರವಾಗಿ ನೀರು ಹೊಡೆದು ಧಮ್ಮಸು ಮಾಡಿ, ಮೇಲೆ ನಾಲ್ಕಿಂಚು ಕಾಂಕ್ರೀಟು ಹಾಕಿ ಕಾಲು ನಿಲ್ಲಿಸಿ. ಹಲಗೆಯನ್ನು ಕಾಲಿನ ಮೇಲೆ ಬರೀ ಗಾರೆಯಲ್ಲಿ ಕೂಡಿಸಿದ್ದರೆ ಹುಡುಗರು ಕುಣಿದು ಕಿತ್ತುಹಾಕುತ್ತಾರೆ, ಬೋಲ್ಟು ಹಾಕಿಸಿ.

ಬೇಸಿಗೆಯಲ್ಲಿ ಈ ಬೆಂಚು ಕಾದ ಹಂಚು. ದಿನವಿಡೀ ಕುಡಿದ ಬಿಸಿಲನ್ನು ಮುಸ್ಸಂಜೆಯ ತನಕ ಬಿಡುತ್ತದೆ, ಹಿರಿಯರು ಹೊರಗೆ ಬರುವ ಹೊತ್ತೂ ಅದೇ. ಮರದ ಪೂರ್ವಕ್ಕೆ ಹಾಕಿದರೆ ಮಧ್ಯಾಹ್ನದ ಮೇಲೆ ನೆರಳು ಬೀಳುತ್ತದೆ. ಬಣ್ಣ ಬಿಳಿಯದೇ ಇರಲಿ.

ಬೆಂಚು ಚಿಕಿತ್ಸೆಯೇ? ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಬೇನೆಯವರ ಜೊತೆ ಮಾತಾಡಲು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂಡಿಸಿದರು. ಅಲ್ಲಿನ ಶೋನಾ ಭಾಷೆಯಲ್ಲಿ ಬೇನೆಯ ಹೆಸರು ‘ಕುಫುಂಗಿಸಿಸಾ’, ನಮ್ಮಲ್ಲಿ ಚಿಂತಿ ಹಚ್ಚಿಕೊಳ್ಳುವುದು ಅಂತೀವಲ್ಲ, ಅದೇ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳ ಬಳಿಕ ಹಾಗೆ ಕೂತು ಮಾತಾಡಿದವರ ಲಕ್ಷಣಗಳು ಇತರರಿಗಿಂತ ಕಡಿಮೆಯಾಗಿದ್ದವು. ಆದರೆ ಆ ಕೆಲಸ ಮಾಡಿದ್ದು ತರಬೇತಿ ಪಡೆದ ಅಜ್ಜಿಯರು. ಬರೀ ಸಿಮೆಂಟಿನಿಂದ ಅದನ್ನು ಬಯಸಬೇಡಿ. ದಿನಾ ಬರುತ್ತಿದ್ದವರು ವಾರಗಟ್ಟಲೆ ಬರದಿದ್ದರೆ, ಊಟ-ನಿದ್ದೆ ಬಿಟ್ಟಿದ್ದರೆ, ಮನೆಗೆ ಹೋಗಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ. ಮುಂದೆ ತೋರಿಸಬೇಕಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಅಂಕ ಕೊಡುವುದಾದರೆ ಜೋಡಿ ಬೆಂಚಿಗೆ ಐದಕ್ಕೆ ಮೂರೂವರೆ, ಗೋಡೆಗುಂಟ ಹಾಕಿದ ಒಂಟಿ ಬೆಂಚಿಗೆ ಒಂದು. ಒಂದೇ ಬೆಂಚಿಗಾಗುವಷ್ಟು ದುಡ್ಡಿದ್ದರೆ ಇನ್ನಷ್ಟು ಕೂಡಿಸಿ ಬೇವಿನ ಮರಕ್ಕೆ ಕಟ್ಟೆ ಕಟ್ಟಿಸುವುದೇ ವಾಸಿ. ಒಂದೇ ಎಚ್ಚರಿಕೆ: ದುಂಡು ಕಟ್ಟೆ ಕಿರಿದಾದರೆ ಎಲ್ಲರೂ ಹೊರಗೆ ಕಾಲು ಇಳಿಬಿಟ್ಟು, ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂಡುತ್ತಾರೆ. ಮೇಲೆ ಹತ್ತಿ ಕಾಲು ಮಡಚಿ ಕೂಡುವಂತೆ ಮೂರಡಿಯಾದರೂ ಅಗಲ ಬೇಕು, ಬುಡದ ಸುತ್ತ ಎರಡಡಿ ಮಣ್ಣು ಸಿಮೆಂಟಿಲ್ಲದೆ ಬಿಡಬೇಕು.